ನಲವತ್ತೊಂದನೇ ಬಿಲ್ಲೆ

ಜುಲೈ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಮುಂಬೈ ಪಕ್ಕದ ಠಾಣೆ ಊರಿನ ನಮ್ಮ ಕನ್ನಡ ಸಂಘದ ಕೋಣೆ. ಹಾಜರಿದ್ದವರು ಮೂವರು: ಸಂಘ ತರುತ್ತಿದ್ದ ಪುಸ್ತಕದ ಸಂಪಾದಕರು, ನಾನು, ಮತ್ತು ಯಾರೂ ಕರೆಯದೆ ಬಂದ ಒಬ್ಬ ಹಳೆಯ ಲೈಟ್‌ಮನ್.

ಪುಸ್ತಕ ಈ ಊರಿನ ಸಿನಿಮಾ ಮತ್ತು ಟಿವಿ ಸ್ಟುಡಿಯೋಗಳದ್ದು. ಅಡುಗೆ, ಬಡಗಿ ಕೆಲಸ, ದೀಪ, ಬಟ್ಟೆ, ಮೇಕಪ್ ಎಂದು ಅಲ್ಲಿ ದುಡಿದ ಕನ್ನಡಿಗರು ಬಹಳ ಜನ. ಅವರ ನೆನಪುಗಳನ್ನು ಒಂದು ಕಡೆ ಸೇರಿಸಬೇಕೆಂದು ಸಂಘ ನಿರ್ಧರಿಸಿತ್ತು. ವಾಗ್ಳೆ ಎಸ್ಟೇಟಿನ ಒಂದು ಸ್ಟುಡಿಯೋದ ಅಧ್ಯಾಯ ನನ್ನ ಪಾಲಿಗೆ ಬಂದಿತ್ತು. ಆ ಶೆಡ್ಡು ಮೊದಲು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಾಗಿದ್ದಾಗ ನಾನು ಅಲ್ಲಿ ಟೈಮ್ ಆಫೀಸಿನಲ್ಲಿದ್ದೆ. ಕಾರ್ಖಾನೆ ಮುಚ್ಚಿ ಅದೇ ಶೆಡ್ಡು ಸ್ಟುಡಿಯೋ ಆದಾಗ ಹೊಸ ಮಾಲೀಕರು ಯಂತ್ರಗಳನ್ನು ಗುಜರಿಗೆ ಹಾಕಿ ನನ್ನನ್ನು ಉಳಿಸಿಕೊಂಡರು. ಗೇಟಿನ ಪಕ್ಕದ ಅದೇ ಕಿಟಕಿ, ಅದೇ ಮೇಜು, ಗೋಡೆಯ ಮೇಲೆ ಅದೇ ಹಿತ್ತಾಳೆ ಬಿಲ್ಲೆಗಳ ಹಲಗೆ. ಒಳಗೆ ಬರುವವರಿಗೆಲ್ಲ ನಂಬರಿನ ಒಂದು ಬಿಲ್ಲೆ, ಹೊರಗೆ ಹೋಗುವಾಗ ಅದನ್ನು ಕಿಟಕಿಯಲ್ಲಿ ಕೊಟ್ಟು ಹೋಗಬೇಕು. ಕೊಟ್ಟ ಸಮಯವನ್ನು ನಾನು ರಿಜಿಸ್ಟರಿನಲ್ಲಿ ಬರೆಯಬೇಕು. ಕಾಯಂ ಕೆಲಸದವರಿಗೆ ಕಾಯಂ ನಂಬರ್. ಕರೆಯದೆ ಬಂದ ಈ ಲೈಟ್‌ಮನ್‌ದು ನಲವತ್ತೊಂದು.

ಅಧ್ಯಾಯದ ಕರಡನ್ನು ಸಂಪಾದಕರು ಹಿಂದಿನ ವಾರ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ್ದರು. ಅದರಲ್ಲಿ ನನ್ನದೊಂದು ಸಾಲಿತ್ತು: “ಕೊನೆಗೆ ಹೊರಬಿದ್ದ ಲೈಟ್‌ಮನ್ ಮೇನ್ ಸ್ವಿಚ್ ಇಳಿಸದೆ ಹೋದದ್ದರಿಂದ ಎರಡನೇ ಫ್ಲೋರಿಗೆ ಬೆಂಕಿ ಬಿದ್ದು ಸೆಟ್ ಪೂರ್ತಿ ಸುಟ್ಟಿತು.” ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಹದಿನೆಂಟು ವರ್ಷಗಳ ಹಿಂದಿನ ಆ ಬೆಂಕಿ ಯಾರ ತಲೆಗೆ ಬಂತು ಎಂಬುದು ಸ್ಟುಡಿಯೋ ಕಂಡವರಿಗೆಲ್ಲ ಗೊತ್ತು.

ಲೈಟ್‌ಮನ್ ಕುರ್ಚಿಯಲ್ಲಿ ಕೂರಲಿಲ್ಲ. ಛತ್ರಿಯ ನೀರು ಬಾಗಿಲ ಹೊರಗೆ ಕೊಡವಿ, ನನ್ನನ್ನೇ ನೋಡಿ ಹೇಳಿದರು: “ಬಾಯಿ, ಆ ಸಾಲು ತೆಗೀಬೇಕು.”

ಸ್ಟುಡಿಯೋದಲ್ಲಿ ಎಲ್ಲರೂ ನನ್ನನ್ನು ಮರಾಠಿಯವರ ಹಾಗೆ ಬಾಯಿ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದರು.

“ಯಾಕ್ರಿ ತೆಗೀಬೇಕು? ರಿಜಿಸ್ಟರಿನಾಗ ಇದ್ದದ್ದನ್ನ ಬರದೇನಿ,” ಎಂದೆ.

“ನನ್ನ ಮೊಮ್ಮಗಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಹಾಗಾಗಿ ಅವಳ ಹೆದರಿಕೆ ಇಲ್ಲ. ಆದ್ರೆ ನಮ್ಮ ಕಡೆಯವರಿಗೆ ಬರ್ತದಲ್ಲ ಮಾರಾಯ್ರೆ. ಬೆಂಕಿ ಬಿದ್ದ ಮೇಲೆ ಈ ಠಾಣೆಯಲ್ಲಿ ಒಂದು ಸ್ಟುಡಿಯೋದವನೂ ನನ್ನನ್ನು ಒಳಗೆ ಬಿಡ್ಲಿಲ್ಲ. ಭಾವನ ಹೋಟ್ಲಲ್ಲಿ ಕೂಪನ್ ಹರ್ದು ಹರ್ದು ಮುದುಕ ಆದೆ. ಈಗ ಪುಸ್ತಕದಲ್ಲಿ ಬೇರೆ ಬರೀತೀರಾ? ನಾನು ಸತ್ತ ಮೇಲೂ ಅದು ಇರ್ತದೆ.”

ಸಂಪಾದಕರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಮೃದು ಮನುಷ್ಯ. “ಹೋಗ್ಲಿ ಬಿಡಿ ಮೇಡಂ. ಒಂದು ಸಾಲು ತಾನೇ? ಬೆಂಕಿ ಬಿತ್ತು ಅಂತ ಬರೆದ್ರೆ ಸಾಕು. ಯಾಕೆ ಬಿತ್ತು ಅಂತ ಯಾರು ಕೇಳ್ತಾರೆ?”

ನನಗೆ ಅದು ಸರಿಬರಲಿಲ್ಲ. ಕಾರಣ ಇದ್ದೂ ಬರೆಯದಿದ್ದರೆ ಅದು ಚರಿತ್ರೆಯಲ್ಲ, ಮುಲಾಜು. ಈ ಮುದುಕರ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಎರಡು ಸಲ ಬಿಲ್ಲೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋದವರು ಅವರು. ನಿಯಮ ಮುರಿಯುವವನು ಸುಳ್ಳನ್ನೂ ಹೇಳುತ್ತಾನೆ ಎಂಬುದು ಕಾರ್ಖಾನೆಯಲ್ಲಿ ನಾನು ಕಲಿತದ್ದು.

“ನೀವು ಕೊನೇಕ್ ಹೋಗಿಲ್ಲ ಅಂದ್ರ ಮತ್ಯಾರು ಹೋದ್ರು?” ಎಂದು ಕೇಳಿದೆ.

“ಅದು ನನಗೆ ಎಂತ ಗೊತ್ತು? ನಾವು ಐದು ಜನ ಆರು ಗಂಟೆಗೇ ಜನರೇಟರ್ ವ್ಯಾನಿನಲ್ಲಿ ಕಲ್ಯಾಣಕ್ಕೆ ಹೋದದ್ದು. ಅಲ್ಲಿ ಹೊರಾಂಗಣ ಶೂಟಿಂಗ್ ಇತ್ತು. ಮೇನ್ ನಾನೇ ಇಳಿಸಿದ್ದೆ. ಗಾಡಿ ಪುಸ್ತಕ ನೋಡಿ ಅಂತ ನಾನು ಆವತ್ತೇ ಬಡ್ಕೊಂಡೆ. ನೀವೇ ಹೇಳಿದ್ದು, ಅದು ಗಾಡಿಗಳ ಪುಸ್ತಕ, ಅದರಲ್ಲಿ ಮನುಷ್ಯರ ಹೆಸರು ಇರುದಿಲ್ಲ ಅಂತ.”

ಹಾಗೆ ಹೇಳಿದ್ದು ನನಗೆ ನೆನಪಿತ್ತು. ಅದು ನಿಜವೂ ಆಗಿತ್ತು. ಜನರ ರಿಜಿಸ್ಟರ್ ಟೈಮ್ ಆಫೀಸಿನದು, ನನ್ನದು. ಗಾಡಿಗಳ ಪುಸ್ತಕ ಹಿಂದಿನ ಗೇಟಿನ ವಾಚ್‌ಮನ್ ಬರೆಯುವುದು, ಅದು ಡೀಸೆಲ್ ಲೆಕ್ಕಕ್ಕಾಗಿ ಸ್ಟೋರಿಗೆ ಹೋಗುವುದು. ಕಾರ್ಖಾನೆಯ ಕಾಲದಿಂದ ಎರಡು ಇಲಾಖೆ, ಎರಡು ಪುಸ್ತಕ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಯಾರೂ ನೋಡಿದ್ದಿಲ್ಲ.

“ಆ ಪುಸ್ತಕ ಸಿಕ್ಕರ ನೋಡ್ತೇನಿ,” ಎಂದೆ. “ಶುಕ್ರವಾರ ಅಚ್ಚಿಗೆ ಹೋಗತದ. ಅದರೊಳಗ ನಿಮ್ಮ ಮಾತು ಖರೆ ಅಂತ ತೋರಿದ್ರ ಸಾಲು ತಗೀತೇನಿ. ಇಲ್ಲಂದ್ರ ಇರತದ.”

“ನೋಡಿ, ನೋಡಿ. ನಿಮಗೆ ಕಾಗದ ಮಾತಾಡಿದ್ರೆ ಮಾತ್ರ ಕೇಳ್ತದೆ,” ಎಂದು ಛತ್ರಿ ಬಿಡಿಸಿಕೊಂಡು ಇಳಿದು ಹೋದರು.

ಪುಸ್ತಕ ಹುಡುಕಲು ಹೊರಟದ್ದು ಅವರ ಮಾತು ಸುಳ್ಳೆಂದು ತೋರಿಸುವುದಕ್ಕೆ. ಇದನ್ನು ಮುಚ್ಚಿಡುವುದಿಲ್ಲ.

ಸ್ಟುಡಿಯೋದ ಹಳೆಯ ಮಾಲೀಕರು ತೀರಿಕೊಂಡಿದ್ದಾರೆ. ಶೆಡ್ಡಿನ ಜಾಗದಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ, ಒಳಗೆ ಕಂಪ್ಯೂಟರ್ ಕಂಪನಿಗಳು. ಕಾಗದಪತ್ರವೆಲ್ಲ ಮಗನ ಬಳಿ ಸೀವುಡ್ಸ್‌ನಲ್ಲಿದೆ. ಪುಸ್ತಕದ ಕೆಲಸ ಶುರುವಾದಾಗ ಅವನು ನಾಲ್ಕು ರಟ್ಟಿನ ಪೆಟ್ಟಿಗೆ ಕಳಿಸಿದ್ದ. ಬಿಡುಗಡೆಗೆ ಅವನೇ ಮುಖ್ಯ ಅತಿಥಿ. ಆ ಪೆಟ್ಟಿಗೆಗಳಲ್ಲಿದ್ದ ಜನರ ರಿಜಿಸ್ಟರುಗಳಿಂದಲೇ ನಾನು ಅಧ್ಯಾಯ ಬರೆದದ್ದು. ಶನಿವಾರ ಮಧ್ಯಾಹ್ನ ನನ್ನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಗಾಡಿ ಪುಸ್ತಕಗಳು ಹನ್ನೊಂದು ಬಂದಿದ್ದವು, ವರ್ಷಕ್ಕೊಂದರಂತೆ. ಬೆಂಕಿ ಬಿದ್ದ ವರ್ಷದ್ದು ಮಾತ್ರ ಇರಲಿಲ್ಲ.

ಇದನ್ನು ಮೊದಲೇ ಗಮನಿಸಬೇಕಿತ್ತು. ಈಗ ಗಮನಿಸಿದ ಮೇಲೆ ಅನುಮಾನ ಮುದುಕರಿಂದ ಸರಿದು ಮಾಲೀಕರ ಮಗನ ಕಡೆ ತಿರುಗಿತು. ಎಲ್ಲ ವರ್ಷದ್ದೂ ಇದ್ದು ಒಂದೇ ವರ್ಷದ್ದು ಇಲ್ಲವೆಂದರೆ ಅದು ಗೆದ್ದಲಿನ ಕೆಲಸವಲ್ಲ.

ಸೋಮವಾರ ಬೆಳಿಗ್ಗೆ ನನ್ನ ಮನೆಯಿರುವ ಡೊಂಬಿವಲಿಯಿಂದ ಠಾಣೆಗೆ, ಠಾಣೆಯಿಂದ ಪನವೇಲ್ ಗಾಡಿಯಲ್ಲಿ ಸೀವುಡ್ಸ್‌ಗೆ ಹೋದೆ. ಫೋನ್ ಮಾಡದೆ ಹೋದೆ. ಫೋನ್ ಮಾಡಿದರೆ ಅಡಗಿಸಲು ಸಮಯ ಕೊಟ್ಟಂತೆ.

ಮಗ ಚಿಕ್ಕವನಿದ್ದಾಗ ಶೂಟಿಂಗ್ ನೋಡಲು ಬಂದು ನನ್ನ ಮೇಜಿನ ಮೇಲೆ ಕೂತು ಬಿಲ್ಲೆಗಳನ್ನು ಎಣಿಸುತ್ತಿದ್ದ. ಕನ್ನಡ ಅವನಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಆಂಟಿ, ಜೋ ಥಾ ಸಬ್ ಭೇಜ್ ದಿಯಾ,” ಎಂದ. ಇದ್ದದ್ದೆಲ್ಲ ಕಳಿಸಿದ್ದೇನೆ ಎಂದು.

“ಒಂದು ಕಳಿಸಿಲ್ಲ. ಯಾವ ವರ್ಷದ್ದು ಅಂತ ನಿನಗೂ ಗೊತ್ತು.”

ಅವನ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡುತ್ತಿದ್ದೆ. ಬದಲಾಗಲಿಲ್ಲ. ಒಳಗಿನ ಕೋಣೆಯ ಬಾಗಿಲು ತೆರೆದು ತೋರಿಸಿದ. ಮಂಚದ ಕೆಳಗೆ ಇನ್ನೊಂದು ಪೆಟ್ಟಿಗೆ.

“ಯೇ ಕ್ಯಾಂಟೀನ್ ಕಾ ಹೈ. ಇಡ್ಲಿ, ವಡಾ, ಕಿತ್ನೇ ಪ್ಲೇಟ್. ಇಸ್‌ಮೇಂ ಕ್ಯಾ ಹಿಸ್ಟರಿ ಹೈ, ಆಂಟಿ?” ಕ್ಯಾಂಟೀನಿನ ಲೆಕ್ಕದಲ್ಲಿ ಏನು ಚರಿತ್ರೆ ಎಂದು.

“ನೋಡ್ತೇನಿ.”

“ದೇಖಿಯೇ. ಆಪ್ ತೋ ಪೊಲೀಸ್ ಸೇ ಭೀ ಜ್ಯಾದಾ ಹೋ,” ಎಂದ. ಪೊಲೀಸರಿಗಿಂತ ಹೆಚ್ಚು ನೀವು ಎಂದು ನಕ್ಕು ಚಹಾ ತರಲು ಹೋದ.

ಕ್ಯಾಂಟೀನಿನ ಚೀಟಿಗಳ ನಡುವೆ ರಟ್ಟು ಕಿತ್ತುಹೋದ ಒಂದು ಪುಸ್ತಕ ಸುತಳಿಯಿಂದ ಕಟ್ಟಿಕೊಂಡು ಕೂತಿತ್ತು. ಗಾಡಿ ಪುಸ್ತಕ. ಆ ವರ್ಷದ್ದೇ. ಹೊದಿಕೆ ಇಲ್ಲದ್ದರಿಂದ ಯಾರೋ ಅದನ್ನೂ ಕ್ಯಾಂಟೀನಿನದೆಂದು ಸೇರಿಸಿದ್ದರು. ಅಡಗಿಸುವ ಉದ್ದೇಶವಿದ್ದವನು ಪೆಟ್ಟಿಗೆ ತೋರಿಸುತ್ತಿರಲಿಲ್ಲ. ಆದರೂ ಅಲ್ಲಿ ಪುಟ ತೆರೆಯಲಿಲ್ಲ. ರಸೀದಿ ಬರೆದುಕೊಟ್ಟು, ಚಹಾ ಕುಡಿದು, ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಕೋಣೆಯಲ್ಲಿ ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟೆ.

ಬೆಂಕಿಯ ದಿನದ ಕೆಲಸ ಹೇಗಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಎರಡನೇ ಫ್ಲೋರಿನಲ್ಲಿ, ಎಂದರೆ ಶೆಡ್ಡಿನ ಎರಡನೇ ಶೂಟಿಂಗ್ ಅಂಕಣದಲ್ಲಿ, ಒಂದು ಧಾರಾವಾಹಿಯ ಶ್ರೀಮಂತರ ಹಜಾರದ ಸೆಟ್ ಇತ್ತು. ಎಲ್ಲಿಗೂ ಹೋಗದ ಒಂದು ದೊಡ್ಡ ಮೆಟ್ಟಿಲು, ಪ್ಲೈವುಡ್ ಕಂಬಗಳು, ಕಿಟಕಿಗೆಲ್ಲ ಉದ್ದ ಪರದೆಗಳು. ಇಂಥ ಶೆಡ್ಡುಗಳು ಸ್ಟುಡಿಯೋಗಳಿಗೆ ಯಾಕೆ ಒದಗಿದವು ಎಂದರೆ ನಡುವೆ ಕಂಬವಿಲ್ಲ, ಎತ್ತರ ಬೇಕಾದಷ್ಟು, ದೀಪ ತೂಗಲು ಕಬ್ಬಿಣದ ತೊಲೆಗಳು ಮೊದಲೇ ಇದ್ದವು. ಮಳೆಗಾಲದಲ್ಲಿ ಮಾತ್ರ ತಗಡಿನ ಸದ್ದಿಗೆ ಸೊಸೆಯ ಅಳು ಅತ್ತೆಗೆ ಕೇಳದೆ ಶೂಟಿಂಗ್ ನಿಲ್ಲುತ್ತಿತ್ತು. ದೀಪದವರ ನಿಯಮ ಒಂದೇ: ಕೊನೆಗೆ ಹೊರಡುವ ಲೈಟ್‌ಮನ್ ಫ್ಲೋರಿನ ಮೇನ್ ಸ್ವಿಚ್ ಇಳಿಸಿ, ನನ್ನ ಕಿಟಕಿಗೆ ಬಂದು “ಮೇನ್ ಬಂದ್” ಎಂದು ಹೇಳಿ ಹೋಗಬೇಕು. ಆ ದಿನ ಯಾರೂ ಹೇಳಿರಲಿಲ್ಲ. ನಾನು ಏಳೂವರೆಗೆ ಮನೆಗೆ ಹೊರಟೆ. ಅನಂತರ ಹತ್ತು ನಿಮಿಷಕ್ಕೆ ವಾಚ್‌ಮನ್ ಹೊಗೆ ಕಂಡನಂತೆ. ಯಾರಿಗೂ ಗಾಯವಾಗಲಿಲ್ಲ. ಪರದೆಯ ಪಕ್ಕದಲ್ಲಿ ಉರಿಯುತ್ತಲೇ ಇದ್ದ ಒಂದು ದೀಪದಿಂದ ಬೆಂಕಿ ಎದ್ದಿತ್ತು.

ವಿಚಾರಣೆಯಲ್ಲಿ ಮ್ಯಾನೇಜರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ರಿಜಿಸ್ಟರಿನಲ್ಲಿ ಕೊನೆಯ ಲೈಟ್‌ಮನ್ ಯಾರು? ನಾನು ಪುಟ ತಿರುಗಿಸಿ ಕೊನೆಯ ಸಾಲಿಗೆ ಬೆರಳಿಟ್ಟೆ. ನಲವತ್ತೊಂದು, ಏಳು ಇಪ್ಪತ್ತು. ಅಲ್ಲಿಗೆ ವಿಚಾರಣೆ ಮುಗಿಯಿತು.

ಗಾಡಿ ಪುಸ್ತಕದಲ್ಲಿ ಆ ತಾರೀಖು ಸಿಕ್ಕಿತು. ವಾಚ್‌ಮನ್ನನ ದಪ್ಪ ಅಕ್ಷರ: ಜನರೇಟರ್ ವ್ಯಾನ್, ಹೊರಗೆ, ಆರು ಹತ್ತು, ಡ್ರೈವರ್ ಮತ್ತು ಐದು.

ಐದು. ಹೆಸರಿಲ್ಲ. ನಾನು ಅಂದು ಹೇಳಿದಂತೆಯೇ. ಆ ಐದು ಯಾರಾದರೂ ಆಗಬಹುದು. ಜನರು ಹಿಂದಿನ ಗೇಟಿನಿಂದ ಹೋಗುವಂತಿಲ್ಲ ಎಂಬ ನಿಯಮವಿತ್ತು. ನಿಯಮ ಇದ್ದ ಮೇಲೆ ಹಾಗೆಯೇ ನಡೆಯುತ್ತದೆ ಎಂದು ನಾನು ನಂಬಿದ್ದೆ. ಮುದುಕರು ಆರು ಹತ್ತಕ್ಕೆ ಹೋಗಿದ್ದರೆ ಅವರ ಬಿಲ್ಲೆ ಏಳು ಇಪ್ಪತ್ತಕ್ಕೆ ನನ್ನ ಕೈಗೆ ಹೇಗೆ ಬಂತು? ಇಷ್ಟಕ್ಕೆ ಪುಸ್ತಕ ಮುಚ್ಚಿದ್ದರೆ ಮುಗಿಯುತ್ತಿತ್ತು. ಮುಚ್ಚಲಿಕ್ಕೇ ಹೊರಟಿದ್ದೆ. ಆದರೆ ಯಾವುದೇ ಪುಟವನ್ನು ಮೇಲಿನಿಂದ ಕೆಳಗೆ ಒಂದು ಸಲ ಪೂರ್ತಿ ಓದದೆ ಮುಚ್ಚುವ ಅಭ್ಯಾಸ ನನಗಿಲ್ಲ.

ನನ್ನ ರಿಜಿಸ್ಟರಿನ ಪುಟದಲ್ಲಿ ಕೊನೆಯ ಐದು ಸಾಲುಗಳಿಗೂ ಒಂದೇ ಸಮಯ, ಏಳು ಇಪ್ಪತ್ತು. ನಂಬರುಗಳು ಹೀಗಿದ್ದವು: ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೇಳು, ಮೂವತ್ತಮೂರು, ನಲವತ್ತೊಂದು.

ಚಿಕ್ಕದರಿಂದ ದೊಡ್ಡದಕ್ಕೆ. ಜನ ಹಾಗೆ ಹೊರಗೆ ಹೋಗುವುದಿಲ್ಲ.

ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟೆ. ಆ ಕ್ರಮ ನನ್ನದೇ. ಸಂಜೆ ಏಳು ಹತ್ತಕ್ಕೆ ನಾನು ಮೇಕಪ್ ಕೋಣೆಗಳಿಗೆ ಬೀಗ ಹಾಕಲು ಎದ್ದು ಹೋಗುತ್ತಿದ್ದೆ. ಹತ್ತು ನಿಮಿಷದ ಸುತ್ತು. ಆ ಹೊತ್ತಿನಲ್ಲಿ ಹೊರಡುವವರು ಬಿಲ್ಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗಬೇಕು. ಏಳು ಇಪ್ಪತ್ತಕ್ಕೆ ಬಂದು ಅವನ್ನು ಬಾಚಿ, ನಂಬರಿನ ಪ್ರಕಾರ ಜೋಡಿಸಿ, ಹಲಗೆಯ ಮೊಳೆಗೆ ತೂಗುಹಾಕಿ, ಅದೇ ಕ್ರಮದಲ್ಲಿ ಬರೆಯುತ್ತಿದ್ದೆ. ಕಾರ್ಖಾನೆಯಲ್ಲಿ ನನಗೆ ಹಾಗೆ ಕಲಿಸಿದ್ದರು. ಹಲಗೆ ತುಂಬಿಸಲು ಅದೇ ಸುಲಭ. ಎಂದರೆ ನಲವತ್ತೊಂದು ಕೊನೆಯ ಸಾಲಿಗೆ ಬಂದದ್ದು ಆ ಮನುಷ್ಯ ಕೊನೆಗೆ ಹೋದದ್ದರಿಂದಲ್ಲ. ಐದರಲ್ಲಿ ದೊಡ್ಡ ನಂಬರ್ ಅದು, ಅಷ್ಟೇ.

ವಿಚಾರಣೆಯಲ್ಲಿ ಬೆರಳಿಡುವಾಗ ಇದು ನನಗೆ ಹೊಳೆಯಲಿಲ್ಲವೇ? ಹೊಳೆದೂ ಸುಮ್ಮನಿದ್ದೆನೇ? ನೆನಪಿಲ್ಲ. ನೆನಪಿದೆ ಎಂದು ಒಂದು ಕಡೆ ವಾಲಿ ಬರೆದರೆ ಅದೂ ತಪ್ಪು ದಾಖಲೆಯೇ ಆಗುತ್ತದೆ. ಅವರ ಮೇಲೆ ನನಗಿದ್ದ ಅನುಮಾನ ನನ್ನ ಪುಸ್ತಕದ ಮೇಲೆ ಇರಲಿಲ್ಲ ಎಂಬುದಷ್ಟೇ ಖಚಿತ.

ಒಂದು ದಿನದ ತಾಳೆ ಸಾಕಾಗುವುದಿಲ್ಲ. ಬುಧವಾರ ಆ ಇಡೀ ತಿಂಗಳನ್ನು ಪರೀಕ್ಷಿಸಿದೆ. ಸಂಪಾದಕರು ಗಾಡಿ ಪುಸ್ತಕ ಓದುವುದು, ನಾನು ನನ್ನ ರಿಜಿಸ್ಟರ್ ನೋಡುವುದು.

“ಹತ್ತನೇ ತಾರೀಖು, ವ್ಯಾನ್, ಡ್ರೈವರ್ ಮತ್ತು ಮೂರು,” ಎಂದು ಅವರು ಓದಿದರು.

“ಏಳು ಇಪ್ಪತ್ತಕ್ಕ ಮೂರು ಬಿಲ್ಲೆ.”

“ಹನ್ನೊಂದು, ವ್ಯಾನ್ ಹೋಗಿಲ್ಲ.”

“ಏಳು ಇಪ್ಪತ್ತಕ್ಕ ಏನೂ ಇಲ್ಲ.”

“ಹದಿಮೂರು, ಡ್ರೈವರ್ ಮತ್ತು ಆರು. ಏನ್ ಮೇಡಂ ಇದು, ವ್ಯಾನೋ ಟಮ್‌ಟಮ್ಮೋ?”

“ನಗಬ್ಯಾಡ್ರಿ. ಆರು ಬಿಲ್ಲೆ.”

ಅವರು ನಗುವುದನ್ನು ನಿಲ್ಲಿಸಿದರು. ಆ ತಿಂಗಳು ವ್ಯಾನ್ ಒಂಬತ್ತು ದಿನ ಸಂಜೆ ಹೊರಗೆ ಹೋಗಿತ್ತು. ಎಂಟು ದಿನ ವ್ಯಾನಿನ ಜನ ಮತ್ತು ನನ್ನ ಏಳು ಇಪ್ಪತ್ತರ ಬಿಲ್ಲೆ ಸರಿಯಾಗಿ ಕೂತವು. ಒಂದು ದಿನ ವ್ಯಾನಿನಲ್ಲಿ ನಾಲ್ವರು, ನನ್ನಲ್ಲಿ ಮೂರು ಬಿಲ್ಲೆ. ಅದಕ್ಕೆ ಉತ್ತರ ಸಿಗಲಿಲ್ಲ. ಸಿಗಲಿಲ್ಲ ಎಂದೇ ಟಿಪ್ಪಣಿ ಬರೆದೆ. ಉಳಿದದ್ದಕ್ಕೆ ಅರ್ಥ ಒಂದೇ: ವ್ಯಾನಿನಲ್ಲಿ ಹೋಗುವವರು ಬಿಲ್ಲೆಯನ್ನು ಹಿಂದಿನ ಗೇಟಿನ ವಾಚ್‌ಮನ್ ಕೈಗೆ ಕೊಡುತ್ತಿದ್ದರು, ನಾನು ಬೀಗ ಹಾಕಲು ಎದ್ದು ಹೋದ ಹೊತ್ತು ನೋಡಿ ಅವನು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಇದು ತಿಂಗಳಿಡೀ ನನ್ನ ಬೆನ್ನ ಹಿಂದೆಯೇ ನಡೆದಿದೆ. ನಾನು ಶಿಸ್ತಾಗಿ ಬರೆದುಕೊಂಡಿದ್ದೇನೆ.

ಆಗ ಸಂಪಾದಕರು ಬೆಂಕಿಯ ದಿನದ ಪುಟವನ್ನು ಇನ್ನೊಮ್ಮೆ ತೆರೆದರು. “ಮೇಡಂ, ವ್ಯಾನಿನ ಕೆಳಗೆ ಇನ್ನೊಂದು ಸಾಲಿದೆ, ನೋಡಿದ್ರಾ?”

ನೋಡಿದ್ದೆ. ಮಾಲೀಕರ ಕಾರು, ಒಳಗೆ ಆರು ಮೂವತ್ತೈದು, ಹೊರಗೆ ಏಳು ಐದು, ಅತಿಥಿಗಳು ಮೂವರು.

ಮಾಲೀಕರ ಅತಿಥಿಗಳಿಗೆ ಬಿಲ್ಲೆ ಕೊಡುವ ಪದ್ಧತಿ ಇರಲಿಲ್ಲ. ಅವರು ನನ್ನ ಪುಸ್ತಕದಲ್ಲಿ ಎಂದೂ ಬರುವುದಿಲ್ಲ. ಧಾರಾವಾಹಿಯ ಸೆಟ್ ತೋರಿಸಲು ಮಾಲೀಕರು ಜನರನ್ನು ಕರೆತರುತ್ತಿದ್ದದ್ದು ಎಲ್ಲರಿಗೂ ಗೊತ್ತು. ಕತ್ತಲೆಯಲ್ಲಿ ಸೆಟ್ ತೋರಿಸಲಾಗುವುದಿಲ್ಲ.

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. “ಬಿಡುಗಡೆಗೆ ಅವರ ಮಗನೇ ಮುಖ್ಯ ಅತಿಥಿ. ಒಂದು ಕೆಲಸ ಮಾಡೋಣ ಮೇಡಂ. ಬೆಂಕಿಯ ಪ್ಯಾರಾನೇ ಬೇಡ. ಆ ಹಿರಿಯರು ಕೇಳಿದ್ದೂ ಅದನ್ನೇ ತಾನೇ? ಎಲ್ಲರಿಗೂ ಒಳ್ಳೇದು.”

ಅವರು ಹೇಳಿದ್ದರಲ್ಲಿ ಲೆಕ್ಕವಿತ್ತು. ಸಾಲು ತೆಗೆದರೆ ಮುದುಕರ ಬೇಡಿಕೆ ಪೂರೈಸುತ್ತದೆ, ಅತಿಥಿಗೆ ಮುಜುಗರವಿಲ್ಲ, ನನ್ನ ತಪ್ಪೂ ನನ್ನ ಕಪಾಟಿನಲ್ಲೇ ಉಳಿಯುತ್ತದೆ. ಒಂದು ಪೆನ್ಸಿಲ್ ಗೆರೆಯ ಕೆಲಸ. ಅದೇ ಕಾರಣಕ್ಕೆ ನನಗೆ ಅದರ ಮೇಲೆ ಅನುಮಾನ ಬಂತು. ಎಲ್ಲರಿಗೂ ಅನುಕೂಲವಾದ ದಾಖಲೆ ಹದಿನೆಂಟು ವರ್ಷದ ಹಿಂದೆಯೂ ಒಂದಿತ್ತು.

“ತೆಗೆಯೂದಿಲ್ಲ,” ಎಂದೆ. “ತಿದ್ದಿ ಬರೀತೇನಿ. ನನ್ನ ಹೆಸರು ಹಾಕೇ ಬರೀತೇನಿ.”

“ಕಾರಿನ ವಿಷಯ?”

“ದೀಪ ಯಾರು ಹಾಕಿದ್ರು ಅನ್ನೂದು ನನಗ ಗೊತ್ತಿಲ್ಲ. ಗೊತ್ತಿಲ್ಲದೇ ಒಬ್ಬರ ಮ್ಯಾಲೆ ಹೊರಿಸಿದ್ದು ಸಾಕು. ಆ ದಿನದ ಎರಡೂ ಪುಟದ ಫೋಟೋ ಹಾಕೋಣ, ಪೂರಾ ಪುಟ. ಕತ್ತರಿಸೂದು ಬ್ಯಾಡ. ಕೆಳಗ ಒಂದು ಮಾತೂ ಬರಿಯೂದು ಬ್ಯಾಡ.”

ಗುರುವಾರ ಬೆಳಿಗ್ಗೆ ಮಾಲೀಕರ ಮಗನಿಗೆ ಫೋನ್ ಮಾಡಿ, ಅಚ್ಚಾಗುವುದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಫೋಟೋದಲ್ಲಿ ಯಾವ ಸಾಲು ಕಾಣುತ್ತದೆ ಎಂಬುದನ್ನೂ ಹೇಳಿದೆ.

“ಪಪ್ಪಾ ತೋ ಅಬ್ ನಹೀ ಹೈ, ಆಂಟಿ,” ಎಂದ. ಅಪ್ಪ ಈಗಿಲ್ಲವಲ್ಲ ಎಂದು.

“ಅದಕ್ಕೇ ನಿನಗ ಹೇಳಾಕತ್ತೇನಿ.”

ಆಮೇಲೆ, ಧನ್ಯವಾದದ ಪುಟದಿಂದ ತನ್ನ ಹೆಸರು ತೆಗೆಯಿರಿ, ಬಿಡುಗಡೆಗೆ ಬೇರೆ ಯಾರನ್ನಾದರೂ ಕರೆಯಿರಿ ಎಂದು ಹಿಂದಿಯಲ್ಲೇ ಹೇಳಿ ಇಟ್ಟುಬಿಟ್ಟ. ಅಚ್ಚು ಹಾಕಬೇಡಿ ಎಂದು ಹೇಳಲಿಲ್ಲ. ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದು ಇಂದಿಗೂ ನನಗೆ ತಿಳಿಯದು. ಅವನು ಹೇಳಿದಂತೆ ಹೆಸರು ತೆಗೆದೆವು.

ಶುಕ್ರವಾರ ಹನ್ನೊಂದಕ್ಕೆ ಪುಟಗಳು ಮುದ್ರಕರಿಗೆ ಹೋದವು. ಬೆಂಕಿಯ ಭಾಗ ಈಗ ಹೀಗಿತ್ತು: “ನಲವತ್ತೊಂದನೇ ಬಿಲ್ಲೆಯವರೇ ಕೊನೆಗೆ ಹೊರಟ ಲೈಟ್‌ಮನ್ ಎಂದು ಅಂದು ತೀರ್ಮಾನಿಸಿದ್ದು ತಪ್ಪು. ಬಿಲ್ಲೆಗಳನ್ನು ನಾನು ನಂಬರಿನ ಕ್ರಮದಲ್ಲಿ ಬರೆದಿದ್ದೆ, ಹೊರಟ ಕ್ರಮದಲ್ಲಲ್ಲ. ಅವರು ಇನ್ನೂ ನಾಲ್ವರೊಡನೆ ಬೆಂಕಿಗೆ ಒಂದೂವರೆ ಗಂಟೆ ಮೊದಲೇ ಸ್ಟುಡಿಯೋ ಬಿಟ್ಟಿದ್ದರು.” ಕೆಳಗೆ ನನ್ನ ಹೆಸರು.

ಮಧ್ಯಾಹ್ನ ಎರಡು ಪುಸ್ತಕಗಳನ್ನೂ ಚೀಲದಲ್ಲಿ ಹಾಕಿಕೊಂಡು ವಾಶಿ ಗಾಡಿ ಹತ್ತಿ ಸಾನಪಾಡಾದಲ್ಲಿ ಇಳಿದೆ. ಲೈಟ್‌ಮನ್ ಅಲ್ಲಿ ಮಗಳ ಮನೆಯಲ್ಲಿರುತ್ತಾರೆ. ಬಾಗಿಲು ತೆರೆದದ್ದು ಅಳಿಯ, ಮರಾಠಿ ಮನುಷ್ಯ, ಒಂದು ಕಂಪನಿಯಲ್ಲಿ ಆಡಿಟ್ ಕೆಲಸ, ಶುಕ್ರವಾರ ಮನೆಯಿಂದಲೇ ಕೆಲಸವಂತೆ.

ಮುದುಕರು ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ, “ಹಾಗಾದ್ರೆ ಸಾಲು ತೆಗ್ದಿರಾ?” ಎಂದರು.

“ತೆಗ್ದಿಲ್ಲ, ತಿದ್ದೇನಿ. ಬ್ಯಾಡಂದ್ರ ಈಗಲೂ ಮುದ್ರಕರಿಗೆ ಫೋನ್ ಮಾಡತೇನಿ.”

“ಬೇಡ, ಬೇಡ. ತೆಗ್ದ್ರೆ ಯಾರಿಗೂ ಗೊತ್ತಾಗುದಿಲ್ಲ. ಇರ್ಲಿ.” ಆಮೇಲೆ ದನಿ ಏರಿತು. “ಐದು ಜನ ಇದ್ದೆವು ವ್ಯಾನಿನಲ್ಲಿ. ಉಳಿದ ನಾಲ್ಕು ಜನಕ್ಕೆ ಬಾಯಿ ಇರ್ಲಿಲ್ವಾ? ಹಿಂದಿನ ಗೇಟಿಂದ ಹೋದದ್ದು ಗೊತ್ತಾದ್ರೆ ಕೆಲಸ ಹೋಗ್ತದೆ ಅಂತ ಒಬ್ಬನೂ ಮಾತಾಡ್ಲಿಲ್ಲ. ಹೋದದ್ದು ನಂದು ಮಾತ್ರ. ಮತ್ತೆ ನೀವು. ನೀವಾದ್ರೂ ಒಂದು ಸಲ ಆ ಪುಸ್ತಕ ತೆರ್ದು ನೋಡ್ಬಹುದಿತ್ತಲ್ಲ, ಬಾಯಿ?”

“ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನಂದು.”

ಅವರು ಕ್ಷಮಿಸಿದೆ ಎನ್ನಲಿಲ್ಲ. ನಾನು ಅದನ್ನು ಕೇಳಲೂ ಇಲ್ಲ.

ಅಳಿಯನಿಗೆ ಕನ್ನಡ ಬಾರದು. ನಾನು ಮರಾಠಿಯಲ್ಲಿ ಮತ್ತೆ ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ದಿಟ್ಟಿಸಿ ನೋಡಿ ಕೇಳಿದ: ಇಷ್ಟು ವರ್ಷ ಬಿಟ್ಟು ಇವತ್ತೇ ಯಾಕೆ? ಮಾವನವರು ನಿಮಗೆ ಏನಾದರೂ ಹೇಳಿ ಒಪ್ಪಿಸಿದರೇ?

ಆ ಪ್ರಶ್ನೆಗೆ ನನಗೆ ಬೇಸರವಾಗಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಎರಡೂ ಪುಸ್ತಕಗಳನ್ನು ಅವನ ಮುಂದಿಟ್ಟೆ. ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ಓದತೊಡಗಿದ. ತಾರೀಖು ನೋಡಿದ, ಹಿಂದಿನ ಪುಟ ನೋಡಿದ, ಮುಂದಿನದು ನೋಡಿದ. ಮಗಳು ಅಡುಗೆಮನೆಯ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಸುಮಾರು ಅರ್ಧ ಗಂಟೆ ಅವನು ಪುಟ ತಿರುವುತ್ತಲೇ ಇದ್ದ.

“ಹೇ ತರ್ ಸಾರ್ಟ್ ಕೇಲೇಲಂ ಆಹೇ,” ಎಂದ ಕೊನೆಗೆ. ಇದು ನಂಬರಿನ ಪ್ರಕಾರ ಜೋಡಿಸಿದ್ದು ಎಂದು. ಬೆರಳು ಹನ್ನೆರಡರಿಂದ ನಲವತ್ತೊಂದಕ್ಕೆ ಇಳಿಯಿತು. “ಪ್ರತ್ಯೇಕ್ ದಿವಶೀ.” ಪ್ರತಿ ದಿನವೂ.

“ಹೋ,” ಎಂದೆ. ಹೌದು ಎಂದು.

ಅವನು ಮಾವನ ಕಡೆ ತಿರುಗಲಿಲ್ಲ. ನನಗೆ ಹೇಳಿದ: ಪುಸ್ತಕ ಕನ್ನಡದಲ್ಲಿದೆ, ಮನೆಯಲ್ಲಿ ಮಾವ ಬಿಟ್ಟರೆ ಯಾರೂ ಓದುವುದಿಲ್ಲ, ಇದನ್ನು ಮರಾಠಿಯಲ್ಲಿ ಬರೆದು ಸಹಿ ಮಾಡಿ ಕೊಡಿ. ತಾರೀಖು ಹಾಕಿ. ಸಮಯವನ್ನೂ ಬರೆಯಿರಿ.

ಬರೆದೆ. ಒಂದು ಹಾಳೆ, ಹದಿನಾಲ್ಕು ಸಾಲು. ಅವನು ಓದಿ ಒಂದು ಪದ ತಿದ್ದಿಸಿದ. ಆಮೇಲೆ ಹಾಳೆಯನ್ನು ಮುದುಕರ ಕೈಗೆ ಕೊಟ್ಟ. ಅವರು ಕಿಟಕಿಯ ಬಳಿ ಹೋಗಿ ನಿಂತು, ತುಟಿ ಆಡಿಸುತ್ತ ಎರಡು ಸಲ ಓದಿದರು.

“ಜೆರಾಕ್ಸ್ ಆಗ್ಬೇಕು,” ಎಂದರು. “ನಾಲ್ಕು.”

“ನಾಲ್ಕ್ಯಾಕ್ರಿ?” ಎಂದೆ.

“ಆ ನಾಲ್ಕು ಜನಕ್ಕೆ. ಒಬ್ಬ ಸತ್ತಿದ್ದಾನೆ, ಅವನ ಹೆಂಡ್ತಿ ಇದ್ದಾಳೆ. ಅವಳಿಗೂ ಕೊಡ್ತೇನೆ. ಎಲ್ಲರ ಮನೆ ನನಗೆ ಗೊತ್ತುಂಟು.”

ಅಳಿಯ ಚಪ್ಪಲಿ ಮೆಟ್ಟಿಕೊಂಡ. ನಾನೂ ಅವನ ಜೊತೆ ಇಳಿದೆ. ಸೆಕ್ಟರಿನ ಮೂಲೆಯ ಅಂಗಡಿಯಲ್ಲಿ ನಾಲ್ಕು ಪ್ರತಿ ತೆಗೆಸಿದೆವು. ಜೆರಾಕ್ಸಿನಲ್ಲಿ ಸಹಿಯ ಶಾಯಿ ಮಸುಕಾಗಿ ಬಂದಿತ್ತು. ಅಂಗಡಿಯವನ ಪೆನ್ನು ಕೇಳಿ ಪಡೆದು, ಗಾಜಿನ ಕೌಂಟರಿನ ಮೇಲೆ ಹಾಳೆಗಳನ್ನು ಸಾಲಾಗಿ ಇಟ್ಟು, ನಾಲ್ಕರ ಮೇಲೂ ಹೊಸದಾಗಿ ಸಹಿ ಹಾಕಿದೆ. ಸಂಜೆ ಐದು ಐವತ್ತು.